ಬೆನ್ನಿನ ಚೀಲವೂ ಎದೆಯ ಹೊರೆಯೂ

ಚಿಕ್ಕಜಾಜೂರಿನ ಜನರಿಗೆ ಪ್ರಯಾಣವೆಂಬುದು ಹೊಸತಲ್ಲ. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದ ಈ ಜಂಕ್ಷನ್ನಿನಿಂದ ಒಂದು ಕವಲು ಹೊಳಲ್ಕೆರೆ, ಚಿತ್ರದುರ್ಗಗಳನ್ನು ಹಾದು ರಾಯದುರ್ಗ, ಬಳ್ಳಾರಿಗಳ ಕಡೆಗೆ ಸಾಗುತ್ತದೆ. ಗಂಟುಮೂಟೆ ಕಟ್ಟಿಕೊಂಡು ಹೊರಟವರನ್ನು, ಗಾಡಿ ಬದಲಿಸಲು ಇಳಿದು ಕಾದು ಕುಳಿತವರನ್ನು ಈ ಊರು ತಲೆಮಾರುಗಳಿಂದ ಕಂಡಿದೆ. ಕೂಲಿಗೆ, ಓದಿಗೆ, ಮದುವೆಗೆ, ಆಸ್ಪತ್ರೆಗೆ, ಹರಕೆ ತೀರಿಸಲು ವೇಳಾಂಗಣ್ಣಿಗೆ ಹೊರಡುವವರನ್ನು ನಿಲ್ಲಿಸಿ, ಏತಕ್ಕಾಗಿ ಹೋಗುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕಾರಣವು ಮುಖದಲ್ಲಿಯೇ ಬರೆದಿರುತ್ತದೆ.

ಆದರೆ ಇತ್ತೀಚಿನ ವರ್ಷಗಳಲ್ಲಿ ನಮ್ಮ ಕುಟುಂಬಗಳ ಮಕ್ಕಳು ಕೈಗೊಳ್ಳುತ್ತಿರುವ ಮತ್ತೊಂದು ಬಗೆಯ ಪ್ರಯಾಣವುಂಟು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೋ ಮಗಳೋ ನಾಲ್ಕಾರು ಸ್ನೇಹಿತರೊಡನೆ ಸೇರಿ, ಬೆನ್ನಿಗೊಂದು ಚೀಲ ಏರಿಸಿಕೊಂಡು, ಕೊಲಂಬೊ, ಬ್ಯಾಂಕಾಕ್, ಲಿಸ್ಬನ್ ಎಂದು ಕಡಲಂಚಿನ ಪರದೇಶದ ಪಟ್ಟಣಗಳನ್ನು ಒಂದಾದ ಮೇಲೊಂದರಂತೆ ಸುತ್ತಿ ಬರುತ್ತಾರೆ. ಅಲ್ಲಿ ಬಂಧುಗಳಿಲ್ಲ, ಕೆಲಸವಿಲ್ಲ, ಹರಕೆಯೂ ಇಲ್ಲ. ಹೆತ್ತವರಿಗೆ ಇದು ಅರ್ಥವಾಗುವುದಿಲ್ಲ. ಇಷ್ಟು ಹಣ ಸುರಿದು, ಹೆಣ್ಣುಮಗಳು ಅಪರಿಚಿತ ಊರುಗಳಲ್ಲಿ ಅಲೆದು ತರುವುದಾದರೂ ಏನು ಎಂಬ ಪ್ರಶ್ನೆಯನ್ನು ತಂದೆತಾಯಿಗಳು ನಮ್ಮ ಮುಂದೆ ಇಡುತ್ತಾರೆ. ಬೇಡವೆಂದರೆ ಮಕ್ಕಳ ಮುನಿಸು, ಹೂಂ ಎಂದರೆ ರಾತ್ರಿಯಿಡೀ ನಿದ್ದೆಯಿಲ್ಲ. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದುದರಿಂದ, ನಾನೂರು ವರ್ಷಗಳ ಹಿಂದೆ ಇಂತಹುದೇ ಪ್ರಯಾಣವನ್ನು ಕೈಗೊಂಡು, ನಮ್ಮ ನೆರೆಯ ಸೀಮೆಗೂ ಬಂದುಹೋದ ಒಬ್ಬ ಯಾತ್ರಿಕನ ಕಥೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಆತನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮ್ ನಗರದ ಕುಲೀನ ಕಥೋಲಿಕ ಮನೆತನದವನು. ಬಹುಕಾಲ ಪ್ರೀತಿಸಿದ ಯುವತಿಯು ಬೇರೊಬ್ಬನನ್ನು ವರಿಸಿದಾಗ ಆತನಿಗೆ ಬದುಕೇ ಬೇಡವೆನಿಸಿತು. ಆ ಸ್ಥಿತಿಯಲ್ಲಿ ಆತನನ್ನು ಕೈಹಿಡಿದು ನಿಲ್ಲಿಸಿದವನು ನೇಪಲ್ಸಿನ ವೈದ್ಯನೂ ಆಪ್ತಸ್ನೇಹಿತನೂ ಆದ ಮಾರಿಯೊ ಸ್ಕಿಪಾನೊ. ದುಃಖವನ್ನು ಮನೆಯ ಮೂಲೆಯಲ್ಲಿ ಕೂರಿಸಿಕೊಂಡು ಸಾಕುವ ಬದಲು ಪವಿತ್ರನಾಡಿನ ಯಾತ್ರೆಗೆ ಹೊರಡುವಂತೆಯೂ, ಕಂಡುದನ್ನೆಲ್ಲ ತಪ್ಪದೆ ಬರೆದು ತಿಳಿಸುವಂತೆಯೂ ಆ ಸ್ನೇಹಿತನು ಸಲಹೆ ನೀಡಿದನು. ಪಿಯೆತ್ರೊ ಯಾತ್ರಿಕನ ಹರಕೆ ಹೊತ್ತು, 1614ರ ಜೂನ್ ತಿಂಗಳಿನಲ್ಲಿ ವೆನಿಸ್ ಬಂದರಿನಿಂದ ಹಡಗು ಏರಿದನು. ಅಂದಿನಿಂದ ಕೊನೆಯವರೆಗೂ ತನ್ನ ಹೆಸರಿನ ಜೊತೆಗೆ ‘ಯಾತ್ರಿಕ’ ಎಂಬ ಬಿರುದನ್ನು ಬಿಡದೆ ಇರಿಸಿಕೊಂಡನು.

ಕಾನ್‌ಸ್ಟಾಂಟಿನೋಪಲ್, ಅಲೆಕ್ಸಾಂಡ್ರಿಯ, ಕೈರೊ, ಸಿನಾಯ್ ಪರ್ವತ. 1616ರ ಪಾಸ್ಖ ಹಬ್ಬದ ವೇಳೆಗೆ ಜೆರುಸಲೇಮ್. ಹರಕೆ ಅಲ್ಲಿಗೆ ತೀರಿತು. ಮರಳಿ ಬರಬಹುದಾಗಿತ್ತು, ಆತ ಮುಂದಕ್ಕೆ ಹೊರಟನು. ಬಾಗ್ದಾದಿನಲ್ಲಿ ಪೌರಸ್ತ್ಯ ಕ್ರೈಸ್ತ ಕುಟುಂಬದ ಮಾನಿ ಎಂಬ ಯುವತಿಯನ್ನು ವಿವಾಹವಾದನು. ಆಕೆ ಮನೆಯಲ್ಲಿ ಕುಳಿತು ಗಂಡನ ದಾರಿ ಕಾಯುವವಳಾಗಿರಲಿಲ್ಲ. ಪರ್ಷಿಯಾ ದೇಶದ ಉದ್ದಗಲಕ್ಕೂ ಆತನೊಡನೆ ಪ್ರಯಾಣ ಮಾಡಿದಳು. ಭಾರತದ ದಾರಿ ಹಿಡಿಯಲು ಇಬ್ಬರೂ ಹೊರ್ಮುಜ್ ಕಡಲ ಕಡೆಗೆ ಇಳಿದು ಬಂದಾಗ ಅಲ್ಲಿ ಯುದ್ಧ ನಡೆದಿತ್ತು, ದಾರಿ ಮುಚ್ಚಿತ್ತು. ಆ ಕರಾವಳಿಯ ಬಿಸಿಯಲ್ಲಿ, ಜ್ವರದಿಂದ ಬಳಲಿ, ಹುಟ್ಟಬೇಕಾಗಿದ್ದ ಮಗುವನ್ನೂ ಕಳೆದುಕೊಂಡು, 1621ರ ಡಿಸೆಂಬರ್ 30ರಂದು ಮಿನಾಬ್ ಎಂಬ ಊರಿನಲ್ಲಿ ಮಾನಿ ತೀರಿಕೊಂಡಳು.

ಆಕೆಯನ್ನು ಪರದೇಶದ ಮಣ್ಣಿನಲ್ಲಿ ಬಿಟ್ಟುಹೋಗಲು ಆತನಿಗೆ ಮನಸ್ಸಾಗಲಿಲ್ಲ. ದೇಹ ಕೆಡದಂತೆ ಕರ್ಪೂರವಿಟ್ಟು ಪೆಟ್ಟಿಗೆಯಲ್ಲಿ ಇರಿಸಿ, ಹಡಗಿನವರ ಹಾಗೂ ಸುಂಕದವರ ಕಣ್ಣಿಗೆ ಬೀಳದಂತೆ ಸಾಮಾನುಗಳ ನಡುವೆ ಮರೆಮಾಡಿ, ತನ್ನೊಡನೆ ಕೊಂಡೊಯ್ದನು. 1623ರ ಆರಂಭದಲ್ಲಿ ಆತನು ಸೂರತ್ ಬಂದರಿನಲ್ಲಿ ಇಳಿದಾಗ ಆ ಪೆಟ್ಟಿಗೆಯೂ ಆತನೊಡನೆ ಭಾರತಕ್ಕೆ ಬಂದಿತು. ಇಂದಿನ ಯುವಕರು ಬೆನ್ನಿನ ಚೀಲದ ತೂಕ ಹತ್ತು ಕಿಲೋ ದಾಟಬಾರದೆಂದು ಲೆಕ್ಕ ಹಾಕುತ್ತಾರೆ. ಈ ಯಾತ್ರಿಕನ ಹೊರೆಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಖಂಭಾತ್, ಚೌಲ್ ಮುಂತಾದ ಕಡಲಂಚಿನ ಪಟ್ಟಣಗಳನ್ನು ನೋಡುತ್ತ ಆತ ಗೋವೆಗೆ ಬಂದು ಕೆಲವು ತಿಂಗಳು ತಂಗಿದನು. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಪೋರ್ತುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಒಂದು ರಾಯಭಾರವನ್ನು ಕಳುಹಿಸಿದರು. ಮೆಣಸಿನ ವ್ಯಾಪಾರದ ಹಣ, ಕರಾವಳಿಯ ಬಂಗ ಅರಸನ ವಿಚಾರ ಮೊದಲಾದ ವ್ಯವಹಾರಗಳು ಅವರಿಗಿದ್ದವು. ಪಿಯೆತ್ರೊಗೆ ಯಾವ ವ್ಯವಹಾರವೂ ಇರಲಿಲ್ಲ. ರಾಯಭಾರಿಯು ಸ್ನೇಹಿತನಾಗಿದ್ದುದರಿಂದ, ನಾಡನ್ನು ನೋಡುವ ಒಂದೇ ಆಸೆಯಿಂದ, ಆ ತಂಡದ ಜೊತೆಗೂಡಿದನು. ನಾಯಕನ ಕಡೆಯ ಪ್ರತಿನಿಧಿಯಾಗಿದ್ದ ವಿಠ್ಠಲ ಶೆಣೈ ಎಂಬ ಬ್ರಾಹ್ಮಣನೂ ಜೊತೆಯಲ್ಲಿದ್ದನು. ಕನ್ನಡ ನಾಡಿನ ಹೊನ್ನಾವರದಲ್ಲಿ ಅವರು ಇಳಿದರು.

ಅಲ್ಲಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ. ಎರಡೂ ದಡಗಳಲ್ಲಿ ಬಾಗಿದ ಹಸುರನ್ನು ಕಂಡು ಆ ನದಿಯನ್ನು ಆತ ಮನಸಾರೆ ಮೆಚ್ಚಿ ಬರೆದಿದ್ದಾನೆ. ಹಿಂದೆ ರಾಣಿಯೊಬ್ಬಳ ರಾಜಧಾನಿಯಾಗಿ ಮೆರೆದಿದ್ದ ಗೇರುಸೊಪ್ಪೆಯು ಆ ವೇಳೆಗಾಗಲೇ ಪಾಳುಬಿದ್ದು, ಅರಮನೆಯ ನೆಲೆಯಲ್ಲಿ ಮರಗಳು ಬೆಳೆದಿದ್ದವು. ಮುಂದೆ ಘಟ್ಟ ಹತ್ತಿದ ಮೇಲೆ, ಸಾಮಾನು ಹೊರುವವರು ಹೊರೆಗಳನ್ನು ಅಣಿಗೊಳಿಸುತ್ತಿದ್ದ ಹೊತ್ತಿನಲ್ಲಿ, ಹನುಮಂತನ ಗುಡಿಯ ಜಗಲಿಯ ಮೇಲೆ ಆತನ ಕಣ್ಣಿಗೆ ಬಿದ್ದ ನೋಟವೊಂದು ಇಂದಿಗೂ ನಮ್ಮ ಶಿಕ್ಷಣದ ಇತಿಹಾಸದಲ್ಲಿ ಉಲ್ಲೇಖಗೊಳ್ಳುತ್ತಿದೆ.

ನಾಲ್ವರು ಹುಡುಗರು ಅಲ್ಲಿ ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನಯವಾದ ಮರಳನ್ನು ಹರವಿದ್ದರು. ಒಬ್ಬನು ಮಗ್ಗಿಯ ಸಾಲನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದವರೂ ಅದೇ ರಾಗದಲ್ಲಿ ಹೇಳುತ್ತ ಅದನ್ನೇ ಬರೆಯುವರು. ನೆಲ ತುಂಬಿದೊಡನೆ ಅಳಿಸಿ ಹೊಸ ಮರಳನ್ನು ಚೆಲ್ಲುವರು. ಹತ್ತಿರದಲ್ಲಿ ಗುರುಗಳು ಕಾಣಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಪಿಯೆತ್ರೊ ವಿಚಾರಿಸಿದನು. ನಾಲ್ವರೂ ಒಂದೇ ಜಾಗದಲ್ಲಿ ಒಟ್ಟಿಗೇ ತಪ್ಪುವುದು ಸಾಧ್ಯವಿಲ್ಲವೆಂದೂ, ಒಬ್ಬನು ಮರೆತರೆ ಉಳಿದವರು ನೆನಪಿಸಲೆಂದೇ ಕೂಡಿ ಕಲಿಯುತ್ತೇವೆಂದೂ ಆ ಬಾಲಕರು ಉತ್ತರಿಸಿದರು. ರೋಮಿನಲ್ಲಿ ವಿದ್ಯಾವಂತನೆನಿಸಿದ್ದ ಯಾತ್ರಿಕನು ಅವರ ಮಾತು ನಿಜವೆಂದು ಒಪ್ಪಿಕೊಂಡನು.

ಸ್ನೇಹಿತರೊಡನೆ ಪರದೇಶಕ್ಕೆ ಹೊರಡುವ ಮಕ್ಕಳಿಗೆ ಇದಕ್ಕಿಂತ ಉತ್ತಮವಾದ ಬುದ್ಧಿಮಾತನ್ನು ನಾವು ಕಾಣೆವು. ಜೊತೆಗಾರರು ಇರುವುದು ಖರ್ಚು ಹಂಚಿಕೊಳ್ಳಲು ಮಾತ್ರವಲ್ಲ. ಅಪರಿಚಿತ ಊರಿನಲ್ಲಿ, ಮನೆಯ ಕಣ್ಣು ತಪ್ಪಿದ ಹೊತ್ತಿನಲ್ಲಿ, ಒಬ್ಬನು ತನ್ನನ್ನು ಮರೆತರೆ ಉಳಿದವರು ನೆನಪಿಸುವುದಕ್ಕಾಗಿ. ಸಂತ ಪೌಲನೂ ಕಡಲಂಚಿನ ಪಟ್ಟಣಗಳನ್ನು ಸುತ್ತಿದಾಗ ಬಾರ್ನಬ, ಸೀಲ, ತಿಮೊಥೇಯರಂತಹ ಜೊತೆಗಾರರು ಇದ್ದರು. ಮತಭೇದವಾದಾಗ ಮುಖಕ್ಕೇ ಹೇಳುವಷ್ಟು ಸಲುಗೆಯೂ ಇತ್ತು. ನಾಲ್ವರೂ ಒಟ್ಟಿಗೇ ತಪ್ಪಲು ಹೊರಡುವ ಗುಂಪು ಬೇರೆ, ನಾಲ್ವರೂ ಪರಸ್ಪರ ತಿದ್ದಲು ಸಿದ್ಧವಿರುವ ಸ್ನೇಹ ಬೇರೆ. ಮಗಳು ಎಲ್ಲಿಗೆ ಹೋಗುತ್ತಾಳೆ ಎಂಬುದಕ್ಕಿಂತ ಯಾರೊಡನೆ ಹೋಗುತ್ತಾಳೆ ಎಂದು ತಾಯಿ ಮೊದಲು ಕೇಳುವುದು ಅಜ್ಞಾನವಲ್ಲ. ಅದೇ ಸರಿಯಾದ ಪ್ರಶ್ನೆ.

ಇಕ್ಕೇರಿಯು ಇಂದು ಶಿವಮೊಗ್ಗ ಜಿಲ್ಲೆಯ ಸಾಗರದ ಪಕ್ಕದ ಒಂದು ಹಳ್ಳಿ. ನಮ್ಮದೇ ಧರ್ಮಪ್ರಾಂತ್ಯದ ಎಲ್ಲೆಯೊಳಗೆ ಸೇರಿದ ಊರು. ಅಘೋರೇಶ್ವರ ದೇವಾಲಯವು ಅಲ್ಲಿ ಈಗಲೂ ಗಟ್ಟಿಯಾಗಿ ನಿಂತಿದೆ. ಅಂದು ಅದು ಕೆಳದಿ ಅರಸರ ರಾಜಧಾನಿ. ಪಿಯೆತ್ರೊ ಅಲ್ಲಿ ನಾಯಕನ ದರ್ಬಾರನ್ನು ಕಂಡನು. ಬೀದಿಗಳನ್ನೂ ಉತ್ಸವಗಳನ್ನೂ ನೋಡಿ ಬರೆದನು. ಆದರೆ ನವೆಂಬರ್ 16ರಂದು ಆತನು ಕಂಡ ಮತ್ತೊಂದು ದೃಶ್ಯದ ಮುಂದೆ ಅವೆಲ್ಲವೂ ಮಸುಕಾಗುತ್ತವೆ.

ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳು ಸಹಗಮನಕ್ಕೆ ನಿಶ್ಚಯಿಸಿದ್ದಾಳೆಂಬ ಸುದ್ದಿ ಊರಿನಲ್ಲಿ ಹರಡಿತ್ತು. ಆತನು ಆಕೆಯ ಮನೆಗೇ ಹೋದನು. ಅಂಗಳದಲ್ಲಿ ಮದುಮಗಳಂತೆ ಬಿಳಿಯ ಸೀರೆಯುಟ್ಟು, ಒಡವೆ ತೊಟ್ಟು, ತಲೆಗೆ ಹೂ ಮುಡಿದು, ಕೈಯಲ್ಲಿ ನಿಂಬೆಹಣ್ಣು ಹಿಡಿದು ಆಕೆ ಕುಳಿತಿದ್ದಳು. ಸುತ್ತಲೂ ವಾದ್ಯಗಳು ಮೊಳಗುತ್ತಿದ್ದವು. ಆತನು ಆಕೆಯ ಹೆಸರು ಕೇಳಿದನು. ಜಕ್ಕಮ್ಮ ಎಂದಳು. ತೆಲುಗು ಮಾತನಾಡುವ ಜನ. ಗಂಡ ವಾದ್ಯ ಬಾರಿಸುವ ಕಸುಬಿನವನು. ಆತನಿಗೆ ಇನ್ನಿಬ್ಬರು ಹಿರಿಯ ಹೆಂಡಿರಿದ್ದರು. ಮಕ್ಕಳಿದ್ದಾರೆಂಬ ಕಾರಣ ಹೇಳಿ ಅವರು ಸಾಯಲು ಒಪ್ಪಿರಲಿಲ್ಲ. ಆ ಮಾತು ಬಂದೊಡನೆ, ನಿನಗೂ ಮಕ್ಕಳಿಲ್ಲವೇ ಎಂದು ಪಿಯೆತ್ರೊ ಕೇಳಿದನು. ಇದ್ದರು. ಆರೇಳು ವರ್ಷದ ಮಗನು ಅಲ್ಲಿಯೇ ಇದ್ದನು. ಒಬ್ಬ ಮಗಳೂ ಇದ್ದಳು. ಅವರನ್ನು ಬಿಟ್ಟು ಹೋಗಲು ಹೇಗೆ ಮನಸ್ಸು ಬರುತ್ತದೆ ಎಂದು ಕೇಳಿದುದಕ್ಕೆ, ಬಂಧುಗಳ ಕೈಗೆ ಒಪ್ಪಿಸಿದ್ದೇನೆಂದಳು. ಆಕೆಯ ಮನಸ್ಸನ್ನು ತಿರುಗಿಸಲು ಆತನು ಮಾಡಿದ ಯತ್ನ ಫಲಿಸಲಿಲ್ಲ. ಆಕೆಯ ಹೆಸರು ಲೋಕದಲ್ಲಿ ಉಳಿಯುವಂತೆ ತನ್ನ ಲೇಖನಿಯಿಂದ ಆದಷ್ಟು ಮಾಡುವೆನೆಂದು ಮಾತುಕೊಟ್ಟು, ಭಾರವಾದ ಮನಸ್ಸಿನಿಂದ ಎದ್ದು ಬಂದನು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸತ್ತ ಹೆಂಡತಿಯನ್ನು ಬಿಡಲಾರದೆ ದೇಶದೇಶಗಳಿಗೆ ಹೊತ್ತು ತಿರುಗುತ್ತಿದ್ದ ಗಂಡನೊಬ್ಬನು, ಸತ್ತ ಗಂಡನ ಹಿಂದೆ ಹೋಗಲು ಸಿದ್ಧಳಾಗಿ ಕುಳಿತ ಹೆಣ್ಣಿನ ಎದುರು ನಿಂತಿದ್ದನು. ಅಗಲಿಕೆಯ ಸಂಕಟ ಏನೆಂಬುದನ್ನು ಆತನಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಆದರೂ ಆತನು ಬದುಕಿನ ಪಕ್ಷವನ್ನು ಹಿಡಿದನು. ಮಕ್ಕಳ ಪರವಾಗಿ ಮಾತನಾಡಿದನು. ದುಃಖವನ್ನು ಹೊತ್ತು ನಡೆಯುವುದಕ್ಕೂ ದುಃಖಕ್ಕೆ ಆಹುತಿಯಾಗುವುದಕ್ಕೂ ಇರುವ ಅಂತರವು ಆತನಿಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಒಮ್ಮೆ ಸ್ನೇಹಿತನೊಬ್ಬನು ಆತನನ್ನೂ ಹಾಗೆಯೇ ತಡೆದಿದ್ದನಲ್ಲವೇ?

ಆ ಊರಿನ ಅರಸನ ಮೇಲಾಗಲಿ, ಪದ್ಧತಿಯ ಮೇಲಾಗಲಿ ದಾರಿಹೋಕನಿಗೆ ಅಧಿಕಾರವಿರಲಿಲ್ಲ. ಆತನಿಂದ ಸಾಧ್ಯವಾದುದು ಮೂರೇ ಕೆಲಸ: ನೇರವಾಗಿ ಎದುರಿಗೆ ಹೋಗುವುದು, ಹೆಸರು ಕೇಳುವುದು, ಮರೆಯದೆ ಬರೆದಿಡುವುದು. ಆ ಕಾಲದ ಇಕ್ಕೇರಿಯಲ್ಲಿ ಬಾಳಿ ಹೋದ ಬಡ ಹೆಂಗಸರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತಿದೆ? ಜಕ್ಕಮ್ಮನ ಹೆಸರು ಗೊತ್ತಿದೆ. ಆಕೆಯ ಮಗನ ವಯಸ್ಸೂ ಗೊತ್ತಿದೆ. ದೂರದ ದೇಶದವನೊಬ್ಬನು ಕೇಳಿದ್ದರಿಂದ ಗೊತ್ತಿದೆ.

ಇಕ್ಕೇರಿಯಿಂದ ಘಟ್ಟವಿಳಿದು, ಬಸ್ರೂರಿನ ಮಾರ್ಗವಾಗಿ ಆತನು ಡಿಸೆಂಬರ್ ತಿಂಗಳಲ್ಲಿ ಮಂಗಳೂರು ಸೇರಿದನು. ಕದ್ರಿಯಲ್ಲಿ ‘ಯೋಗಿಗಳ ಅರಸ’ನೆಂದು ಪ್ರಸಿದ್ಧನಾದವನನ್ನು ಕಾಣಲು ಹೋದಾಗ, ಬಿಳಿಗಡ್ಡದ ಆ ಮುದುಕನು ಹಳ್ಳಿಯ ರೈತನಂತೆ ಕೆಲಸದಲ್ಲಿ ತೊಡಗಿದ್ದನು. ಉಳ್ಳಾಲದ ಚೌಟ ರಾಣಿ ಅಬ್ಬಕ್ಕದೇವಿಯನ್ನು ಆತ ಕಂಡದ್ದು ಮನೇಲ್ ಎಂಬ ಊರಿನಲ್ಲಿ. ಆಕೆ ಸಿಂಹಾಸನದ ಮೇಲಿರಲಿಲ್ಲ. ನೀರಿಗಾಗಿ ತೋಡುತ್ತಿದ್ದ ಕಾಲುವೆಗಳನ್ನು ನೋಡಲು ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಮೈಮೇಲೆ ಸಾದಾ ಹತ್ತಿಯ ಬಟ್ಟೆ. ನೆರಳಿಗೆ ತಾಳೆಗರಿಯ ಕೊಡೆ. ಆದರೆ ಮಾತಿನಲ್ಲಿ ವಿವೇಕ, ಗಾಂಭೀರ್ಯ. ಇಲ್ಲಿ ಪ್ರಶ್ನೆ ಕೇಳುವ ಸರದಿ ರಾಣಿಯದಾಗಿತ್ತು. ಎಲ್ಲಿಂದ ಬಂದೆ, ಯಾವ ಯಾವ ದೇಶಗಳನ್ನು ಕಂಡೆ, ಇಷ್ಟು ದೂರ ಅಲೆಯುವುದು ಏತಕ್ಕಾಗಿ ಎಂದು ಆಕೆ ವಿಚಾರಿಸಿದಳು. ನಮ್ಮ ತಾಯಂದಿರು ಇಂದು ಕೇಳುವ ಅದೇ ಪ್ರಶ್ನೆ! ನಾನಾ ದೇಶಗಳ ರೀತಿನೀತಿಗಳನ್ನು ಕಂಡು, ಕಲಿಯುವ ಆಸೆಯಿಂದ ಎಂಬುದು ಆತನು ಕೊಟ್ಟ ಉತ್ತರ.

ತಿಳಿಯುವ ಆಸೆಯ ವಿಚಾರದಲ್ಲಿ ಸಂತ ಥಾಮಸ್ ಅಕ್ವಿನಾಸರು ಒಂದು ಸೂಕ್ಷ್ಮವಾದ ಭೇದವನ್ನು ತೋರಿಸುತ್ತಾರೆ. ಶ್ರದ್ಧೆಯಿಂದ ಕೂಡಿದ ಜ್ಞಾನಾಸಕ್ತಿಯು ಸದ್ಗುಣ. ಕಂಡಕಂಡಲ್ಲಿಗೆ ಹರಿಯುವ ಬರಿಯ ಕುತೂಹಲವು ದೋಷ. ಎರಡೂ ಹೊರನೋಟಕ್ಕೆ ಒಂದೇ ದಾರಿಯಲ್ಲಿ ನಡೆಯುತ್ತವೆ, ಒಂದೇ ಹಡಗನ್ನು ಏರುತ್ತವೆ. ಭೇದವಿರುವುದು ಎದುರಿಗಿರುವವರನ್ನು ನಡೆಸಿಕೊಳ್ಳುವ ರೀತಿಯಲ್ಲಿ. ಬರಿಯ ಕುತೂಹಲಕ್ಕೆ ಜನರು ನೋಟದ ವಸ್ತುಗಳು. ಜ್ಞಾನಾಸಕ್ತಿಗೆ ಅವರು ಕಲಿಸುವವರು. ಜಗಲಿಯ ಬಾಲಕರು, ಜಕ್ಕಮ್ಮ, ಕಾಲುವೆಯ ಬಳಿಯ ರಾಣಿ, ಇವರೆಲ್ಲರೂ ಪಿಯೆತ್ರೊ ದೆಲ್ಲಾ ವಾಲ್ಲೆಗೆ ಕಲಿಸಿದವರು. ಆತನು ದೋಷರಹಿತನಾಗಿದ್ದನೆಂದು ನಾವು ಹೇಳುವುದಿಲ್ಲ. ಆತನು ಹಣವಂತ, ಸೇವಕರನ್ನಿಟ್ಟುಕೊಂಡು ತಿರುಗಿದವನು. ಈ ನಾಡಿನ ದೇವಾಲಯಗಳನ್ನೂ ಆಚಾರಗಳನ್ನೂ ಕುರಿತು ತನ್ನ ಕಾಲದ ಯುರೋಪಿನವರ ತಾತ್ಸಾರವನ್ನು ಅಲ್ಲಲ್ಲಿ ಹೊರಗೆಡಹಿದ್ದಾನೆ. ಆದರೂ ಕಂಡುದನ್ನು ಕಂಡಂತೆ ಬರೆಯಬೇಕೆಂಬ ನಿಯಮವನ್ನು ಬಿಡಲಿಲ್ಲ. ಆ ನಿಯಮವೇ ಆತನ ತಾತ್ಸಾರವನ್ನು ಪದೇಪದೇ ಸೋಲಿಸಿದೆ.

ಈ ನಿಯಮವನ್ನು ಕಾಪಾಡಿದುದು ನೇಪಲ್ಸಿನಲ್ಲಿ ಕುಳಿತಿದ್ದ ಆ ವೈದ್ಯಸ್ನೇಹಿತ. ಹನ್ನೆರಡು ವರ್ಷಗಳ ಕಾಲ ಯಾತ್ರಿಕನು ಆತನಿಗೆ ದೀರ್ಘವಾದ ಪತ್ರಗಳನ್ನು ಬರೆದನು. ಓದುವವನೊಬ್ಬನು ಮನೆಯಲ್ಲಿದ್ದಾನೆ, ಆತನಿಗೆ ಲೆಕ್ಕ ಒಪ್ಪಿಸಬೇಕು ಎಂಬ ಅರಿವು ಯಾತ್ರಿಕನ ಕಣ್ಣನ್ನು ಚುರುಕಾಗಿಯೂ ನಡತೆಯನ್ನು ನೆಟ್ಟಗೂ ಇರಿಸಿತು. ನಮ್ಮ ಮಕ್ಕಳ ಕಿಸೆಯಲ್ಲಿ ಇಂದು ಫೋನ್ ಇದೆ. ಕ್ಷಣಕ್ಕೊಂದು ಚಿತ್ರ ಮನೆಗೆ ಬರುತ್ತದೆ. ಚಿತ್ರ ಬರುವುದು ಒಳ್ಳೆಯದೇ. ಆದರೆ ತಟ್ಟೆಯಲ್ಲಿನ ಊಟದ ಚಿತ್ರವು, ಬಡಿಸಿದವರ ಹೆಸರನ್ನು ಹೇಳುವುದಿಲ್ಲ. ಆದುದರಿಂದ ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ: ಮಕ್ಕಳು ಹೊರಟಾಗ, ತಲುಪಿದೆಯಾ, ಉಂಡೆಯಾ ಎಂದು ಕೇಳಿ ನಿಲ್ಲಿಸಬೇಡಿ. ಇಂದು ಯಾರನ್ನು ಕಂಡೆ, ಅವರ ಹೆಸರೇನು, ಅವರ ಮನೆಯ ಕಷ್ಟಸುಖವೇನು ಎಂದು ಕೇಳಿರಿ. ಕೇಳುವವರು ಮನೆಯಲ್ಲಿದ್ದಾರೆಂದು ತಿಳಿದರೆ ನೋಡುವ ಕಣ್ಣು ತಾನಾಗಿ ಬದಲಾಗುತ್ತದೆ.

ಕಲ್ಲಿಕೋಟೆಯವರೆಗೆ ಸಾಗಿ, ಗೋವೆಗೆ ಮರಳಿ, ಮಸ್ಕತ್, ಬಸ್ರಾ, ಮರುಭೂಮಿ, ಸೈಪ್ರಸ್, ಮಾಲ್ಟಾಗಳನ್ನು ದಾಟಿ, 1626ರ ಮಾರ್ಚ್ ತಿಂಗಳಲ್ಲಿ ಆತನು ರೋಮ್ ಸೇರಿದನು. ಮರುವರ್ಷ, ಅರಾಚೆಲಿಯ ಮಾತೆ ಮರಿಯಮ್ಮನವರ ದೇವಾಲಯದಲ್ಲಿ, ತನ್ನ ಕುಟುಂಬದ ಸಮಾಧಿಸ್ಥಳದಲ್ಲಿ, ಮಾನಿಯನ್ನು ಮಣ್ಣಿಗೆ ಒಪ್ಪಿಸಿದನು. ಆಕೆಯನ್ನು ಕುರಿತು ಭಾಷಣ ಮಾಡಲು ನಿಂತವನು ಅಳು ಒತ್ತರಿಸಿ ಬಂದು ಮಾತು ಮುಗಿಸಲಾರದಾದನು. ಮುಂದೆ, ಮಾನಿಯೇ ಸಾಕಿ ಜೊತೆಗೆ ಕರೆತಂದಿದ್ದ ಜಾರ್ಜಿಯಾ ದೇಶದ ಅನಾಥ ಬಾಲೆಯು ಬೆಳೆದ ಮೇಲೆ ಆಕೆಯನ್ನು ವಿವಾಹವಾಗಿ, ತುಂಬಿದ ಮನೆಯನ್ನು ಕಂಡು, 1652ರಲ್ಲಿ ತೀರಿಕೊಂಡನು. ಭಾರತದಿಂದ ಬರೆದ ಪತ್ರಗಳು 1663ರಲ್ಲಿ ಅಚ್ಚಾದವು.

ಕಡಲಾಚೆಯ ಪಟ್ಟಣಗಳಿಗೆ ಹೊರಡಲು ಅಣಿಯಾಗಿರುವ ನಮ್ಮ ಯುವಕ ಯುವತಿಯರು, ಅದಕ್ಕೆ ಮುನ್ನ, ಹತ್ತಿರದ ಈ ಹಾದಿಯನ್ನು ಒಮ್ಮೆ ನಡೆದು ನೋಡಲಿ. ಚಿಕ್ಕಜಾಜೂರಿನಿಂದ ಬೀರೂರು, ಅಲ್ಲಿ ಗಾಡಿ ಬದಲಿಸಿದರೆ ಶಿವಮೊಗ್ಗ, ಸಾಗರ, ಪಕ್ಕದಲ್ಲೇ ಇಕ್ಕೇರಿ. ಮುಂದೆ ಘಟ್ಟವಿಳಿದರೆ ಗೇರುಸೊಪ್ಪೆ, ಹೊನ್ನಾವರ, ಕಡಲು. ಪಾಸ್‌ಪೋರ್ಟ್ ಬೇಕಿಲ್ಲ, ವೀಸಾ ಬೇಕಿಲ್ಲ. ನಾಲ್ವರು ಒಳ್ಳೆಯ ಸ್ನೇಹಿತರು ಸಾಕು. ದಾರಿಯಲ್ಲಿ ದೋಣಿ ನಡೆಸುವವರನ್ನೂ ಗುಡಿಯ ಜಗಲಿಯಲ್ಲಿ ಕುಳಿತ ಮಕ್ಕಳನ್ನೂ ಮಾತನಾಡಿಸಿ, ಹೆಸರು ಕೇಳಿ ಬರಲಿ. ಹಾಗೆ ಕೇಳಲು ಕಲಿತವರನ್ನು ಲಿಸ್ಬನ್ನಿಗೆ ಕಳುಹಿಸಲು ತಂದೆತಾಯಿಗಳು ಅಷ್ಟಾಗಿ ಹೆದರಬೇಕಾಗಿಲ್ಲ.